ಫೈರ್‌ವಾಲ್ ಪಾಸ್‌ವರ್ಡ್ ಮರೆತರೆ?

ಪ್ರಶ್ನೆ: ನಮ್ಮ ನೆಟ್‌ವರ್ಕ್ ಕಾಯುವ ಸಿಸ್ಕೊ ಎಎಸ್‌ಎ ಫೈರ್‌ವಾಲ್ ಸಾಧನದ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಇರುವ ನಿಯಮಗಳು ಅಳಿಯದಂತೆ ಒಳಹೋಗಬಹುದೇ?

ಉತ್ತರ: ಹೋಗಬಹುದು, ಆದರೆ ಸಾಧನದ ಬಳಿಯೇ ಇರಬೇಕು, ನೆಟ್‌ವರ್ಕ್ ಕೂಡ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಂಪ್ಯೂಟರ್‌ನಿಂದ ಸಾಧನಕ್ಕೆ ನೇರವಾಗಿ ಕನ್ಸೋಲ್ ಕೇಬಲ್ ಜೋಡಿಸಿ, ಟರ್ಮಿನಲ್ ವೇಗ 9600 ಇಡಿ. ಪವರ್ ತೆಗೆದು ಹಾಕಿ, ಬೂಟ್ ಆಗುವಾಗ ಎಸ್ಕೇಪ್ ಒತ್ತಿದರೆ ರಾಮ್‌ಮಾನ್ (ROMMON, ಸಾಧನ ಪೂರ್ತಿ ಏಳುವ ಮುಂಚಿನ ಆದೇಶ ಪರದೆ) ಬರುತ್ತದೆ. ಅಲ್ಲಿ ‘ಕಾನ್ಫ್‌ರೆಗ್ 0ಎಕ್ಸ್41’ (confreg 0x41), ಆಮೇಲೆ ‘ಬೂಟ್’ (boot) ಎಂದು ಟೈಪ್ ಮಾಡಿ. ಈಗ ಹಳೆಯ ಕಾನ್ಫಿಗರೇಶನ್ ಓದದೆಯೇ ಅದು ಏಳುತ್ತದೆ. ‘ಎನೇಬಲ್’ (enable) ಕೊಟ್ಟು, ಪಾಸ್‌ವರ್ಡ್ ಕೇಳಿದಾಗ ಬರೀ ಎಂಟರ್ ಒತ್ತಿ.

ಎಡವುವುದು ಇಲ್ಲೇ. ಮೊದಲು ಸ್ಟಾರ್ಟಪ್ ಕಾನ್ಫಿಗ್ ಅನ್ನು (ಉಳಿಸಿಟ್ಟ ಹಳೆಯ ಕಾನ್ಫಿಗರೇಶನ್) ರನ್ನಿಂಗ್‌ಗೆ (ಈಗ ಚಾಲ್ತಿಯಲ್ಲಿರುವುದಕ್ಕೆ) ಕಾಪಿ ಮಾಡಿ, ನಂತರವೇ ಹೊಸ ಪಾಸ್‌ವರ್ಡ್ ಹಾಕಿ. ಕಾಪಿಗೂ ಮುಂಚೆ ಸೇವ್ ಮಾಡಿದಿರೋ, ಖಾಲಿ ಕಾನ್ಫಿಗರೇಶನ್ ಹಳೆಯದರ ಮೇಲೆ ಕೂರುತ್ತದೆ. ಕೊನೆಗೆ, ಬೂಟ್ ಆಗುವಾಗ ಕಾನ್ಫಿಗರೇಶನ್ ಮತ್ತೆ ಓದುವಂತೆ ‘ನೋ ಕಾನ್ಫಿಗ್-ರಿಜಿಸ್ಟರ್’ (no config-register) ಕೊಟ್ಟು ಸೇವ್ ಮಾಡಿ; ಮರೆತರೆ ಮುಂದಿನ ಬೂಟ್‌ನಲ್ಲೂ ನಿಯಮಗಳಿರುವುದಿಲ್ಲ. ಪಾಸ್‌ವರ್ಡ್ ರಿಕವರಿಯನ್ನೇ ಹಿಂದೆ ನಿಷೇಧಿಸಿದ್ದರೆ, ರಾಮ್‌ಮಾನ್ ಎಲ್ಲ ಫೈಲ್ ಅಳಿಸಲು ಒಪ್ಪಿಗೆ ಕೇಳುತ್ತದೆ. ಬ್ಯಾಕಪ್ ಇಲ್ಲದೆ ಒಪ್ಪಬೇಡಿ.