ಲಂಡನ್ನಿನಲ್ಲಿ ಕಂಪನಿ ನನ್ನದೇ, ಆದರೆ ಒಂದು ಪಾಕೀಟು ಮಾರುವ ಹಾಗಿರಲಿಲ್ಲ

ಗದಗದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ವ್ಯಾಪಾರ, ಕೈಯಲ್ಲಿ 15 ಲಕ್ಷ. ಹೊರದೇಶದಲ್ಲಿ ಕಂಪನಿ ತೆರೆದರೆ ವೀಸಾ ಸಿಗುತ್ತಾ, ಲಂಡನ್, ದುಬೈ, ಅಮೆರಿಕ ಇವುಗಳಲ್ಲಿ ಯಾವುದು ಸುಲಭ ಅಂತ ಕೇಳಿದ್ದೀರಿ. ಓದಿದಾಗ ಇದನ್ನು ನಾನೇ ಬರೆದು ಮರೆತೆನಾ ಅನ್ನಿಸಿತು. ರೊಟ್ಟಿ ತೆಗೆದು ಖಾರಪುಡಿ, ಗದಗ ತೆಗೆದು ಬ್ಯಾಡಗಿ ಅಂತ ಹಾಕಿದರೆ 2018ರ ನಾನೇ.

ನಮ್ಮಪ್ಪನದು ಬ್ಯಾಡಗಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ನಾನು ಪಕ್ಕದಲ್ಲೇ ಸಣ್ಣ ಗಿರಣಿ ಹಾಕಿ, ಡಬ್ಬಿ ಅನ್ನುವ ಜಾತಿಯ ಮೆಣಸಿನಕಾಯಿ ಪುಡಿ ಮಾಡಿ ಪಾಕೀಟು ಕಟ್ಟುತ್ತಿದ್ದೆ. ಹುಬ್ಬಳ್ಳಿ, ಧಾರವಾಡದ ಅಂಗಡಿಗಳಿಗೆ ಚೆನ್ನಾಗೇ ಹೋಗುತ್ತಿತ್ತು. ಅಷ್ಟರಲ್ಲಿ ಲಂಡನ್ನಿನಲ್ಲಿರುವ ಅತ್ತೆಯ ಮಗ ಫೋನ್ ಮಾಡಿ, "ಇಲ್ಲಿ ನಮ್ಮ ಕಡೆ ಖಾರಪುಡಿ ಸಿಗಂಗಿಲ್ಲಲೇ, ನೀನೇ ಬಂದು ಅಂಗಡಿ ಹಾಕು" ಅಂದ. ತಲೆಯಲ್ಲಿ ಹುಳ ಹೊಕ್ಕಿತು.

ಬ್ರಿಟನ್ನಿನಲ್ಲಿ ಕಂಪನಿ ನೋಂದಾಯಿಸಲು ಅಲ್ಲಿಗೆ ಹೋಗಬೇಕಿಲ್ಲ. ಆಗ ಆನ್‌ಲೈನ್ ಶುಲ್ಕ ಬರೀ 12 ಪೌಂಡ್. ಮನೆಯಲ್ಲೇ ಕೂತು ಮಾಡಿದೆ. ಮರುದಿನವೇ ಸರ್ಟಿಫಿಕೇಟ್ ಬಂತು. ಹುಬ್ಬಳ್ಳಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ, ಅಂಗಡಿಯಲ್ಲಿ ಸಿದ್ಧಾರೂಢರ ಫೋಟೋ ಪಕ್ಕ ತೂಗುಹಾಕಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, "ತಮ್ಮಾ, ವೀಸಾ ಅಂದ್ರ ಇದೇ ಏನು?" ಅಂದರು. "ಇದು ಬಂದ್ರ ಅದು ತಾನ ಬರ್ತೈತಿ ಅಪ್ಪಾ" ಅಂದೆ.

ತಾನಾಗಿ ಬರಲಿಲ್ಲ. ಆಗ ಉದ್ಯಮಿಗಳಿಗೆ ಅಂತ ಇದ್ದ ವೀಸಾಕ್ಕೆ 2 ಲಕ್ಷ ಪೌಂಡ್ ತೋರಿಸಬೇಕಿತ್ತು. ನಮ್ಮ ಲೆಕ್ಕದಲ್ಲಿ 1 ಕೋಟಿ 80 ಲಕ್ಷಕ್ಕೂ ಜಾಸ್ತಿ. ಅಷ್ಟು ದುಡ್ಡಿದ್ದಿದ್ದರೆ ಬ್ಯಾಡಗಿಯಲ್ಲೇ ಕೋಲ್ಡ್ ಸ್ಟೋರೇಜ್‌ನಲ್ಲಿ ಪಾಲು ತಗೊಂಡು ಕಾಲು ಚಾಚಿ ಕೂರುತ್ತಿದ್ದೆ. ಸರಿ, ವಿಸಿಟರ್ ವೀಸಾ ಮಾಡಿಸೋಣ ಅಂದುಕೊಂಡೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆ. ಆರು ತಿಂಗಳ ವೀಸಾ ಸಿಕ್ಕಿತು.

ಆ ನವೆಂಬರಿನಲ್ಲಿ ಲಂಡನ್ನಿನ ಕನ್ನಡದವರು ಒಂದು ಹಾಲ್‌ನಲ್ಲಿ ರಾಜ್ಯೋತ್ಸವ ಮಾಡಿದರು. ಮೂಲೆಯಲ್ಲಿ ನನ್ನದೊಂದು ಟೇಬಲ್. ಹುಬ್ಬಳ್ಳಿಯಲ್ಲಿ ಬಿಲ್ ಪುಸ್ತಕ ಅಚ್ಚು ಹಾಕಿಸಿಕೊಂಡು ಹೋಗಿದ್ದೆ: ಮೇಲೆ ಕಂಪನಿ ಹೆಸರು, ಕೆಳಗೆ ಲಂಡನ್ ವಿಳಾಸ, ಕಾರ್ಬನ್ ಹಾಳೆ ಸಮೇತ. ಒಂದೇ ಸಂಜೆಗೆ 37 ಬಿಲ್ ಹರಿದೆ. ಸುಮ್ನೆ ಕೊಟ್ಟು ಬರಬಹುದಿತ್ತು. ಇಲ್ಲ, ನಾನು ಪ್ರಾಮಾಣಿಕ ವ್ಯಾಪಾರಿ ಅಲ್ವಾ, ಪ್ರತಿಯೊಬ್ಬರಿಗೂ ಬಿಲ್ ಕೊಟ್ಟೆ.

2019ರ ಮಾರ್ಚ್‌ನಲ್ಲಿ ಅದೇ ವೀಸಾದ ಮೇಲೆ ಮತ್ತೆ ಹೋದೆ. ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆದರು. ಸೂಟ್‌ಕೇಸ್ ತೆಗೆದ ಕೂಡಲೇ ಕೋಣೆ ತುಂಬಾ ಘಾಟು. ಅಧಿಕಾರಿ ಎರಡು ಸಲ ಸೀನಿದ. ಪಾಕೀಟುಗಳ ಕೆಳಗೆ ಬಿಲ್ ಪುಸ್ತಕ. ಅವನು ಒಂದೊಂದೇ ಹಾಳೆ ತಿರುವುತ್ತಾ ಹೋದ. 37ಕ್ಕೆ ನಿಂತು, "ಇದನ್ನೆಲ್ಲ ಮಾರಿದ್ದು ಯಾರು?" ಅಂತ ಕೇಳಿದ. "ನಾನೇ, ಕಂಪನಿ ನಂದೇ" ಅಂತ ಎದೆ ಉಬ್ಬಿಸಿ ಹೇಳಿದೆ. ಸಾಲದ್ದಕ್ಕೆ ಮೊಬೈಲಿನಲ್ಲಿ ಸರ್ಟಿಫಿಕೇಟೂ ತೋರಿಸಿದೆ! ವೀಸಾ ರದ್ದು ಮಾಡಿ, ಮರುದಿನದ ವಿಮಾನಕ್ಕೆ ವಾಪಸ್ ಹತ್ತಿಸಿದರು.

ನನ್ನ ತಪ್ಪು ಎಲ್ಲಿತ್ತು ಅನ್ನುವುದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾಗಬೇಡಿ. ಕಂಪನಿ ಬೇರೆ, ನೀವು ಬೇರೆ. ಕಂಪನಿಗೆ ಆ ದೇಶದಲ್ಲಿ ವ್ಯಾಪಾರ ಮಾಡುವ ಹಕ್ಕಿದೆ. ಅದರ ಮಾಲೀಕನಿಗೆ ಅಲ್ಲಿ ಕೆಲಸ ಮಾಡುವ ಹಕ್ಕು ಅದರ ಜೊತೆ ಬರಲ್ಲ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲಿ ನೀವು ಮೀಟಿಂಗಿಗೆ ಹೋಗಬಹುದು, ದರ ಮಾತಾಡಬಹುದು, ಕರಾರಿಗೆ ಸಹಿ ಹಾಕಬಹುದು. ವ್ಯಾಪಾರ ಮೇಳದಲ್ಲಿ ನಿಂತು ಪ್ರಚಾರವನ್ನೂ ಮಾಡಬಹುದು. ಆದರೆ ಒಂದು ಪಾಕೀಟು ಜನರ ಕೈಗೆ ಕೊಟ್ಟು ನಾಲ್ಕು ಪೌಂಡ್ ತಗೊಂಡಿರೋ, ಅದು ಕೆಲಸ. "ನಾನು ಸಂಬಳ ತಗೊಂಡಿಲ್ಲ" ಅಂದರೂ ಕೆಲಸವೇ. "ಯಾರ ನೌಕರಿಯನ್ನೂ ಕಸಿದಿಲ್ಲ, ನನ್ನ ಮಾಲು, ನನ್ನ ಕಂಪನಿ" ಅಂದರೂ ಕೆಲಸವೇ. ಈ ಎರಡೂ ಮಾತನ್ನು ನಾನು ಆ ಕೋಣೆಯಲ್ಲಿ ಹೇಳಿದ್ದೇನೆ, ಅದಕ್ಕೇ ಗೊತ್ತು. ಅದೇ ರಾಜ್ಯೋತ್ಸವದಲ್ಲಿ ನಾನು ಬರೀ ರುಚಿ ತೋರಿಸಿ, ಆರ್ಡರ್ ಮಾತಾಡಿ, ಮಾಲನ್ನು ಬ್ಯಾಡಗಿಯಿಂದ ಕಳಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಟಿಕೆಟ್ ದುಡ್ಡು ಹೋಯಿತು, ಅದು ಬಿಡಿ. ಆಮೇಲಿಂದ ಬ್ರಿಟನ್ ಇರಲಿ, ಕೆನಡಾ ಇರಲಿ, ಅರ್ಜಿಯಲ್ಲಿ ಒಂದು ಪ್ರಶ್ನೆ ಕಾಯುತ್ತಿರುತ್ತದೆ: ನಿಮಗೆ ಯಾವ ದೇಶವಾದರೂ ಪ್ರವೇಶ ನಿರಾಕರಿಸಿದೆಯಾ? ಹೌದು ಅಂತ ಬರೆದು, ಕಥೆ ಹೇಳಬೇಕು. 2022ರಲ್ಲಿ ಒಂದು ಆಹಾರ ಮೇಳಕ್ಕೆ ಹೋಗೋಣ ಅಂತ ಕೆನಡಾಕ್ಕೆ ಹಾಕಿದ ಅರ್ಜಿಯೂ ಬಿದ್ದುಹೋಯಿತು. "ಇಲ್ಲ ಅಂತ ಬರೀರಿ, ಯಾರು ನೋಡ್ತಾರ" ಅಂತ ಒಬ್ಬ ಏಜೆಂಟ್ ಹೇಳಿದ. ಕೇಳಬೇಡಿ ಅಂಥವರ ಮಾತು. ಸುಳ್ಳು ಸಿಕ್ಕಿಬಿದ್ದರೆ ಬ್ರಿಟನ್ನಿನಲ್ಲಿ 10 ವರ್ಷ, ಕೆನಡಾದಲ್ಲಿ 5 ವರ್ಷ ಬಾಗಿಲು ಬಂದ್.

ಈಗ ನಿಮ್ಮ ಮೂರು ದೇಶ. ಅಮೆರಿಕದ ಇ-2 ಹೂಡಿಕೆದಾರರ ವೀಸಾ ಭಾರತೀಯರಿಗೆ ಇಲ್ಲವೇ ಇಲ್ಲ, ಅದಕ್ಕೆ ಬೇಕಾದ ಒಪ್ಪಂದ ಅಮೆರಿಕದ ಜೊತೆ ನಮ್ಮ ದೇಶಕ್ಕಿಲ್ಲ. ಇಬಿ-5 ಅನ್ನುವ ಇನ್ನೊಂದು ಹೂಡಿಕೆ ವೀಸಾಕ್ಕೆ ಕಡಿಮೆ ಅಂದರೂ 8 ಲಕ್ಷ ಡಾಲರ್ ಹಾಕಿ, 10 ಜನಕ್ಕೆ ಕೆಲಸ ಕೊಡಬೇಕು. ಬ್ರಿಟನ್ನಿನ ಆ 2 ಲಕ್ಷ ಪೌಂಡಿನ ಹಳೇ ವೀಸಾ ಹೊಸಬರಿಗೆ 2019ರಲ್ಲೇ ಮುಚ್ಚಿತು. 2023ರ ಏಪ್ರಿಲ್‌ನಿಂದ ಇರುವುದು ಇನ್ನೋವೇಟರ್ ಫೌಂಡರ್ ವೀಸಾ. ಅದರಲ್ಲಿ ಇಷ್ಟೇ ದುಡ್ಡು ಅಂತ ಇಲ್ಲ, ಆದರೆ ನಿಮ್ಮ ಯೋಜನೆ ಮಾರುಕಟ್ಟೆಯಲ್ಲಿ ಇಲ್ಲದಂಥ ಹೊಸದು ಅಂತ ಅಲ್ಲಿನ ಸರ್ಕಾರ ಒಪ್ಪಿದ ಸಂಸ್ಥೆಯೊಂದು ಬರೆದುಕೊಡಬೇಕು. ನಿಮ್ಮ ಅಜ್ಜಿ ಬಡಿದ ಹಾಗೇ ಬಡಿದ ರೊಟ್ಟಿ ಅನ್ನುವುದೇ ನಿಮ್ಮ ಮಾಲಿನ ಹೆಚ್ಚುಗಾರಿಕೆ. ಅದನ್ನು ಹೊಸದು ಅಂತ ಹೇಗೆ ತೋರಿಸುತ್ತೀರಿ? ಕಂಪನಿ ತೆರೆದರೆ ವೀಸಾ ಅನ್ನುವ ನಿಮ್ಮ ಲೆಕ್ಕ ಸುಮಾರಾಗಿ ಸರಿಹೋಗುವುದು ದುಬೈನಲ್ಲಿ ಮಾತ್ರ. ಫ್ರೀ ಝೋನ್, ಅಂದರೆ ಹೊರಗಿನ ಕಂಪನಿಗಳಿಗೆ ಅಂತ ಬಿಟ್ಟ ವಲಯದ ಲೈಸೆನ್ಸ್ ತಗೊಂಡರೆ ವಾಸದ ವೀಸಾ ಸಿಗುತ್ತದೆ. ಆದರೆ ಬರೀ ಆ ಲೈಸೆನ್ಸ್ ಮೇಲೆ ಊರೊಳಗೆ ಅಂಗಡಿ ಹಾಕಲು ಆಗಲ್ಲ, ಅದಕ್ಕೆ ಮೇನ್‌ಲ್ಯಾಂಡ್, ಅಂದರೆ ಆ ವಲಯದ ಹೊರಗಿನ ಲೈಸೆನ್ಸೋ ಪರವಾನಗಿಯೋ ಬೇಕು. ಲೈಸೆನ್ಸ್, ಬಾಡಿಗೆ, ನವೀಕರಣ ಅಂತ 15 ಲಕ್ಷ ಕರಗಲು ಹೆಚ್ಚು ದಿನ ಬೇಡ.

ನನ್ನ ಕೇಳಿದರೆ ನೀವು ಹೋಗುವುದೇ ಬೇಡ. ರೊಟ್ಟಿ ಹೋಗಲಿ. ರೊಟ್ಟಿ ಬಡಿಯುವ ಹೆಂಗಸರು ಗದಗದಲ್ಲಿ, ಜೋಳ ಗದಗದಲ್ಲಿ, ನೀವೊಬ್ಬರೇ ಲಂಡನ್ನಿನಲ್ಲಿ ಕೂತು ಏನು ಮಾಡುತ್ತೀರಿ? ರಫ್ತು ಮಾಡಲು ಬೇಕಾದ ಐಇಸಿ ನಂಬರಿಗೆ ಆನ್‌ಲೈನ್‌ನಲ್ಲಿ 500 ರೂಪಾಯಿ. ಉಳಿದ ದುಡ್ಡನ್ನು ಪ್ಯಾಕಿಂಗ್ ಮತ್ತು ಲ್ಯಾಬ್ ಟೆಸ್ಟಿಗೆ ಇಡಿ, ಅದರಲ್ಲೂ ಶೇಂಗಾಕ್ಕೆ. ಶೇಂಗಾದಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ತಿನ್ನಲು ತಯಾರಾದ ಶೇಂಗಾದಲ್ಲಿ ಅದು ಕೆಜಿಗೆ 4 ಮೈಕ್ರೋಗ್ರಾಂ ದಾಟಿದರೆ ಯುರೋಪಿನವರು ಒಳಗೆ ಬಿಡಲ್ಲ. ಮೆಣಸಿನಕಾಯಿಗೆ ಆ ಮಿತಿ 10. ಅಂಗಳದಲ್ಲಿ ಒಂದು ಮಳೆ ತಗುಲಿದ ಚೀಲ ಸಾಕು, ಇಡೀ ಲಾಟ್ ಕೆಡುತ್ತದೆ. ಅದನ್ನು ಕಾಯಲು ಮಾಲೀಕ ಇಲ್ಲೇ ಇರಬೇಕು.

ಇಷ್ಟಾದರೂ ಕಂಪನಿ ತೆರೆಯುತ್ತೇನೆ ಅಂದರೆ, ಬಂಡವಾಳವನ್ನು ನೆಂಟರ ಖಾತೆಗೆ ಖರ್ಚಿಗೆ ಅಂತ ಕಳಿಸಬೇಡಿ. ಬ್ಯಾಂಕಿಗೆ ಹೋಗಿ ಹೊರದೇಶದ ಹೂಡಿಕೆಗೆ ಅಂತ ಇರುವ ಎಫ್‌ಸಿ ಫಾರ್ಮ್ ತುಂಬಿ, ಆ ಹೂಡಿಕೆಯ ನಂಬರ್ ಬಂದ ಮೇಲೆ ಕಳಿಸಿ.

ನನ್ನ ಲಂಡನ್ ಕಂಪನಿ ಈಗ ಇಲ್ಲ, ಮುಚ್ಚಿಸಿದೆ. ಆದರೆ 12ನೇ ಬಿಲ್ಲಿನ ಗಿರಾಕಿ ಒಬ್ಬ ಗುಜರಾತಿ ಅಂಗಡಿಕಾರ. "ಬಣ್ಣ ಇಷ್ಟು, ಖಾರ ಇಷ್ಟೇನಾ" ಅಂತ ಆವತ್ತೇ ಬೆರಗಾಗಿದ್ದ. 2021ರಲ್ಲಿ ಅವನೇ ಫೋನ್ ಮಾಡಿದ. ಈಗ ಅವನ ಹೆಸರಿನಲ್ಲೇ ಆಮದು, ನಾನು ಇಲ್ಲಿಂದ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿಗೆ ಪೆಟ್ಟಿಗೆ ಕಳಿಸುತ್ತೇನೆ. ಬೇಕಿದ್ದರೆ ಬ್ಯಾಡಗಿಗೆ ಬನ್ನಿ, ಬಿಲ್ ಪುಸ್ತಕ ಇನ್ನೂ ಗಲ್ಲಾಪೆಟ್ಟಿಗೆಯಲ್ಲಿದೆ, ತೋರಿಸುತ್ತೇನೆ. ಸೋಮವಾರ, ಗುರುವಾರ ಮಾತ್ರ ಬೇಡ. ಸಂತೆ ದಿನ ಅಪ್ಪ ನನ್ನನ್ನು ಮಾತಾಡಲು ಬಿಡಲ್ಲ.