ಪ್ರಕರಣ: ಕೋಟಿನ ಎರಡನೆಯ ಗುಂಡಿ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಸಲಹಾರ್ಥಿಯ ಒಪ್ಪಿಗೆಯಿದೆ.)

ಅವರಿಗೆ 47 ವರ್ಷ. ಮೊದಲ ಭೇಟಿಯಲ್ಲಿ ಕುರ್ಚಿಯ ತುದಿಯಲ್ಲೇ ಕುಳಿತು, "ನಾನೊಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ಇದು ನಮ್ಮ ಮನೆಯವರಿಗೆ ಮಾಡುವ ಮೋಸವೇ ಮೇಡಂ?" ಎಂದು ಕೇಳಿದರು. ಕಾದಂಬರಿ ಬರೆದರೆ ಮೋಸ ಹೇಗಾಗುತ್ತದೆ ಎಂದು ನಾನು ಕೇಳಲಿಲ್ಲ. ಇಂಥ ಪ್ರಶ್ನೆಯ ಹಿಂದೆ ಕಾದಂಬರಿಗಿಂತ ಹಳೆಯ ಕಥೆಯೊಂದು ಇದ್ದೇ ಇರುತ್ತದೆ.

ಇತ್ತು. 22 ವರ್ಷಗಳ ಹಿಂದೆ, ಮದುವೆಗೆ ಮೊದಲು, ಒಬ್ಬರೇ ಹೊರಟಿದ್ದ ಪ್ರವಾಸದಲ್ಲಿ ರಾತ್ರಿಯ ಹಡಗು ಹತ್ತಿದ್ದರು. ನಡುರಾತ್ರಿ ಗಾಳಿ ಎದ್ದು ಹಡಗು ಹೊಯ್ದಾಡತೊಡಗಿತು. ಹೊಟ್ಟೆ ತೊಳಸಿ ಕೈಕಾಲು ತಣ್ಣಗಾದಾಗ ಪಕ್ಕದಲ್ಲಿದ್ದ ಅಪರಿಚಿತನೊಬ್ಬ, "ಅಲುಗಾಡದ ಒಂದನ್ನೇ ನೋಡುತ್ತಿರಿ" ಎಂದು ದೂರದ ದಡದ ದೀಪ ತೋರಿಸಿದನಂತೆ. ಇವರು ದೀಪ ಬಿಟ್ಟು ಅವನ ಕೋಟಿನ ಎರಡನೆಯ ಗುಂಡಿಯನ್ನು ನೋಡಿದರು. ಅದೋ ಒಂದೇ ಎಳೆ ದಾರದಲ್ಲಿ ನೇತಾಡುತ್ತಿತ್ತು. ಬೆಳಗಾಯಿತು, ದಡ ಬಂತು, ಅವನೊಂದು ಕಡೆ, ಇವರೊಂದು ಕಡೆ. ಹೆಸರನ್ನೂ ಕೇಳಿರಲಿಲ್ಲ.

ಕಾದಂಬರಿ ಮೂರನೆಯ ಅಧ್ಯಾಯಕ್ಕೆ ನಿಂತುಹೋಗಿತ್ತು. ಬರೆಯಲು ಕುಳಿತರೆ ಅಳು. ಇಲ್ಲವಾದರೆ ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲಿನಲ್ಲಿ ಯಾರು ಯಾರದೋ ಫೋಟೋಗಳಲ್ಲಿ ಆ ಮುಖವನ್ನು ಹುಡುಕುವುದು. ಅವರನ್ನು ನನ್ನ ಬಳಿಗೆ ತಂದದ್ದು ಈ ಹುಡುಕಾಟವೇ.

ಬರೆದಷ್ಟನ್ನು ಓದಿದೆ. ಹಡಗಿನ ವರ್ಣನೆ ಚೆನ್ನಾಗಿತ್ತು. ನಾಯಕ ಮಾತ್ರ ಸಿಟ್ಟಾಗುವುದಿಲ್ಲ, ತಡವಾಗಿ ಬರುವುದಿಲ್ಲ, ಒಂದು ಸಲ ಆಕಳಿಸುವುದೂ ಇಲ್ಲ. "ಇವನಿಗೆ ಒಂದಾದರೂ ಕೆಟ್ಟ ಅಭ್ಯಾಸ ಕೊಟ್ಟು ನೋಡಿ" ಎಂದೆ. ಎರಡು ವಾರದ ನಂತರ ಬರಿಗೈಯಲ್ಲಿ ಬಂದರು. ಆ ಮನುಷ್ಯನಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ ಎಂದರು.

ಆಗ ಅವರಿಗೆ 1974ರ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಮನೋವಿಜ್ಞಾನಿಗಳು ಅದನ್ನು ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯಲ್ಲಿ ನಡೆಸಿದರು. ಸುಮಾರು 70 ಮೀಟರ್ ಆಳದ ಕಣಿವೆಯ ಮೇಲೆ ತೂಗಾಡುವ ಸೇತುವೆ ಅದು. ಅಲ್ಲಿಗೆ ಬಂದ ಗಂಡಸರಿಗೆ ಒಬ್ಬ ಯುವತಿ ಚಿತ್ರವೊಂದನ್ನು ತೋರಿಸಿ ಪುಟ್ಟ ಕಥೆ ಬರೆಸಿದಳು, ತನ್ನ ಫೋನ್ ನಂಬರನ್ನೂ ಕೊಟ್ಟಳು. ತೂಗುಸೇತುವೆಯ ಮೇಲೆ ನಂಬರ್ ಪಡೆದ 18 ಮಂದಿಯಲ್ಲಿ 9 ಮಂದಿ ಫೋನ್ ಮಾಡಿದರು. ಹೋಲಿಕೆಗೆಂದು ಅಲುಗಾಡದ ಗಟ್ಟಿ ಸೇತುವೆಯೊಂದರ ಮೇಲೂ ಇದನ್ನೇ ಮಾಡಿದ್ದರು, ಅಲ್ಲಿ ನಂಬರ್ ಪಡೆದ 16 ಮಂದಿಯಲ್ಲಿ ಫೋನ್ ಮಾಡಿದವರು ಇಬ್ಬರೇ. ತೂಗಾಡಿದವರ ಕಥೆಗಳಲ್ಲಿ ಕಾಮನೆಯ ಸುಳಿವೂ ಹೆಚ್ಚಿತ್ತು. ಹೆದರಿಕೆಯಿಂದ ಎದ್ದ ಎದೆಬಡಿತವನ್ನು ಮನಸ್ಸು ಎದುರಿಗಿದ್ದವರ ಲೆಕ್ಕಕ್ಕೆ ಬರೆಯುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಇಷ್ಟರಿಂದ ಪ್ರೇಮವನ್ನು ಅಳೆಯಲಾಗದು, ಅದು ಬೇರೆ ಮಾತು.

"ಹಾಗಾದರೆ ಅದೆಲ್ಲ ಸುಳ್ಳೇ?" ಅವರ ಮುಖ ಸಪ್ಪಗಾಯಿತು. ಅವಸರ ಮಾಡಿದೆನೇನೋ ಅನ್ನಿಸಿತು. ಎದೆಬಡಿತ ನಿಜ, ಅದು ಯಾರ ಲೆಕ್ಕದ್ದು ಎಂಬುದಷ್ಟೇ ಪ್ರಶ್ನೆ ಎಂದೆ. ಕಾದಂಬರಿಗೆ ಬೇಕಾದದ್ದು ಹಡಗಿನ ಹೊಯ್ದಾಟ. ಅದು ಪೂರ್ತಿ ನಿಮ್ಮದು, ಯಾರನ್ನು ಬೇಕಾದರೂ ಆ ಹಡಗಿಗೆ ಹತ್ತಿಸಬಹುದು. ಅವನು ಮಾತ್ರ ನಿಮ್ಮವನಲ್ಲ, ಅವನನ್ನು ದಡದಲ್ಲೇ ಇಳಿಸಿಬಿಡಿ.

ಕೊಟ್ಟ ಸಲಹೆಗಳು ಹೆಚ್ಚೇನಿರಲಿಲ್ಲ. ರಾತ್ರಿ ಹುಡುಕಬೇಕೆನ್ನಿಸಿದಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು 20 ನಿಮಿಷ ಆ ಪ್ರವಾಸದ ವಾಸನೆ, ಸದ್ದು, ಸ್ಪರ್ಶಗಳನ್ನಷ್ಟೇ ಬರೆಯುವುದು: ಡೀಸೆಲ್ ಹೊಗೆ, ಉಪ್ಪು ಹಿಡಿದ ಕಂಬಿ. ಮುಖಗಳು ಬೇಡ. ನಾಯಕನ ವಯಸ್ಸು, ಕೆಲಸ, ಮಾತಿನ ಧಾಟಿ ಮೂರನ್ನೂ ಬದಲಿಸುವುದು. ಆ ಮನುಷ್ಯನೇ ಓದಿದರೂ ಇದು ನಾನೇ ಎನ್ನಬಾರದು. ಗಂಡನಿಗೆ ತಪ್ಪೊಪ್ಪಿಗೆ ಬೇಡ, ಪ್ರವಾಸದ ಕಥೆಯಾಗಿ ಹೇಳಿದರೆ ಸಾಕು. ಮತ್ತೆ, ಆಗಿನ ಡೈರಿ ಇದ್ದರೆ ತನ್ನಿ ಎಂದೆ.

ಡೈರಿಯ ಆ ದಿನದ ಪುಟದಲ್ಲಿದ್ದದ್ದು ಮೂರೇ ಸಾಲು. ಕೊನೆಯದು ಹೀಗಿತ್ತು: "ಪಕ್ಕದವನು ಬೆಳಗಿನ ಜಾವದವರೆಗೂ ಗೊರಕೆ ಹೊಡೆದ, ಕಣ್ಣು ಮುಚ್ಚಲಾಗಲಿಲ್ಲ." ಗೊರಕೆ ಅವರಿಗೆ ಸಂಪೂರ್ಣ ಮರೆತುಹೋಗಿತ್ತು. ನೆನಪು ಎಂದರೆ ತೆಗೆದಿಟ್ಟ ಫೋಟೋ ಅಲ್ಲ, ನೆನೆಯುವಾಗಲೆಲ್ಲ ಹೊಸದಾಗಿ ಕಟ್ಟುವಂಥದ್ದು ಎಂದು ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಬರೆದಿದ್ದರು. ಅದನ್ನು ವಿವರಿಸಲು ನನಗೆ ಅವಕಾಶವೇ ಸಿಗಲಿಲ್ಲ. ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಐದನೆಯ ಭೇಟಿಗೆ ಹೊಸ ಅಧ್ಯಾಯ ತಂದರು. ಗುಂಡಿ ಈಗ ನಾಯಕಿಯ ಕೋಟಿನಲ್ಲಿತ್ತು. ಹೊಟ್ಟೆ ತೊಳಸಿ ಅದನ್ನೇ ದಿಟ್ಟಿಸುವವನು ನಾಯಕ, ಗೊರಕೆಯವನು, ಸ್ವಲ್ಪ ಮುಂಗೋಪಿ. ಫೋಟೋಗಳ ಹುಡುಕಾಟ ಹತ್ತು ದಿನಗಳಿಂದ ನಿಂತಿತ್ತು. ಗಂಡನಿಗೂ ಹೇಳಿದ್ದರು. ಪೂರ್ತಿ ಕೇಳಿಸಿಕೊಂಡ ಅವರು, "ಕೊನೆಗೆ ಆ ಗುಂಡಿ ಬಿತ್ತೋ ಇಲ್ಲವೋ?" ಎಂದಷ್ಟೇ ಕೇಳಿದರಂತೆ.

"ಅದು ನನಗೂ ಗೊತ್ತಿಲ್ಲ ಮೇಡಂ" ಎಂದರು, ಹಾಳೆಗಳನ್ನು ಜೋಡಿಸಿಕೊಳ್ಳುತ್ತಾ. "ಏಳನೆಯ ಅಧ್ಯಾಯದಲ್ಲಿ ಬೀಳಿಸೋಣ ಎಂದುಕೊಂಡಿದ್ದೇನೆ."