ಪೋಷಕಾಂಶ ಅವಲಂಬಿತ ಮತ್ತು ಆಂಟಿಬಯೋಟಿಕ್ ನಿರೋಧಕ ಬ್ಯಾಕ್ಟೀರಿಯಾ ರೂಪಾಂತರಿಗಳನ್ನು ಪ್ರಯೋಗಾಲಯದಲ್ಲಿ ಪತ್ತೆ ಹಚ್ಚುವುದು ಹೇಗೆ?

ನಿರೋಧಕಗಳನ್ನು ಹುಡುಕುವುದು ಸುಲಭ. ಆಂಟಿಬಯೋಟಿಕ್ ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ಮೇಲೆ ಕೋಟ್ಯಂತರ ಜೀವಕೋಶಗಳನ್ನು ಹರಡಿ. ಬದುಕುಳಿದು ಕಾಲೊನಿ (ಕಣ್ಣಿಗೆ ಕಾಣುವ ಕೋಶಗಳ ಗುಂಪು) ಕಟ್ಟುವವೇ ಅವು.

ಕಷ್ಟವಿರುವುದು ಪೋಷಕಾಂಶ ಅವಲಂಬಿತಗಳಲ್ಲಿ. ಹಿಸ್ಟಿಡಿನ್ ತಯಾರಿಸಲಾರದ ಇ. ಕೋಲಿ, ಆ ಅಮೈನೋ ಆಮ್ಲವಿಲ್ಲದ ಕನಿಷ್ಠ ಮಾಧ್ಯಮದಲ್ಲಿ (ಸಕ್ಕರೆ, ಲವಣಗಳಷ್ಟೇ ಇರುವ ಆಹಾರದಲ್ಲಿ) ಬೆಳೆಯುವುದೇ ಇಲ್ಲ. ಬೆಳೆಯದ್ದನ್ನು ಆರಿಸುವುದು ಹೇಗೆ? ವಿಜ್ಞಾನಿಗಳಾದ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ 1952ರಲ್ಲಿ ಪ್ರಕಟಿಸಿದ ರೆಪ್ಲಿಕಾ ಪ್ಲೇಟಿಂಗ್ ಇದಕ್ಕೆ ಉತ್ತರ. ಇಷ್ಟು ಸರಳವಾದ, ಇಷ್ಟು ಸೊಗಸಾದ ಪ್ರಯೋಗಗಳು ಜೀವವಿಜ್ಞಾನದಲ್ಲಿ ಕಡಿಮೆ. ಎಲ್ಲ ಪೋಷಕಾಂಶಗಳಿರುವ ಮೂಲ ತಟ್ಟೆಯ ಕಾಲೊನಿಗಳ ಮೇಲೆ ಕ್ರಿಮಿಶುದ್ಧ ಮಖಮಲ್ಲು ಬಟ್ಟೆಯನ್ನು ಒತ್ತಿ, ಆ ಅಚ್ಚನ್ನು ದಿಕ್ಕು ತಪ್ಪದಂತೆ ಎರಡು ತಟ್ಟೆಗಳಿಗೆ ಒತ್ತಬೇಕು: ಒಂದರಲ್ಲಿ ಬರೀ ಕನಿಷ್ಠ ಮಾಧ್ಯಮ, ಇನ್ನೊಂದರಲ್ಲಿ ಅದಕ್ಕೆ ಹಿಸ್ಟಿಡಿನ್ ಸೇರಿಸಿದ್ದು. ಮೊದಲನೆಯದರಲ್ಲಿ ಖಾಲಿ ಉಳಿದು ಎರಡನೆಯದರಲ್ಲಿ ಕಾಲೊನಿ ಬಂದ ಜಾಗವೇ ನಮಗೆ ಬೇಕಾದದ್ದು. ಮೂಲ ತಟ್ಟೆಯ ಅದೇ ಜಾಗದಿಂದ ರೂಪಾಂತರಿಯನ್ನು ಜೀವಂತವಾಗಿ ಎತ್ತಿಕೊಳ್ಳಬಹುದು.

ಪೋಷಕಾಂಶ ಅವಲಂಬಿತಗಳು ತೀರಾ ವಿರಳ. ಹಾಗಾಗಿ ಮೊದಲು ಕನಿಷ್ಠ ಮಾಧ್ಯಮದಲ್ಲಿ ಪೆನಿಸಿಲಿನ್ ಕೊಡುವುದುಂಟು: ಅದು ಬೆಳೆಯುತ್ತಿರುವ ಕೋಶಗಳನ್ನಷ್ಟೇ ಕೊಲ್ಲುತ್ತದೆ, ಬೆಳೆಯಲಾಗದ ರೂಪಾಂತರಿಗಳು ಉಳಿದುಕೊಳ್ಳುತ್ತವೆ.

ಅಚ್ಚಿನ ವಿಧಾನವನ್ನು ಸ್ಟ್ರೆಪ್ಟೊಮೈಸಿನ್ ತಟ್ಟೆಗೂ ಬಳಸಿದಾಗ, ನಿರೋಧಕ ಕೋಶಗಳು ಔಷಧ ಸೋಕದ ಮೂಲ ತಟ್ಟೆಯಲ್ಲಿ ಮೊದಲೇ ಇದ್ದವೆಂದು ಗೊತ್ತಾಯಿತು.